ಒಂಬತ್ತು ಜನ, ಮೂರು ಜನ, ಉಳಿದವರು

ಪ್ರತಿ ವರ್ಷ ಕಾಲೇಜು ಶುರುವಾಗಿ ತಿಂಗಳಾಗುವಷ್ಟರಲ್ಲಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಕೊಳ್ಳುತ್ತದೆ. ‘ನಾಟಕ ತಂಡಕ್ಕೆ ಆಸಕ್ತ ವಿದ್ಯಾರ್ಥಿಗಳು ಬೇಕಾಗಿದ್ದಾರೆ. ಆಡಿಷನ್ ಶನಿವಾರ ಮಧ್ಯಾಹ್ನ 2 ಗಂಟೆಗೆ, ಸೆಮಿನಾರ್ ಹಾಲ್.’ ಅದರದೇ ಫೋಟೊ ಸಂಜೆಯೊಳಗೆ ಕ್ಲಾಸಿನ ವಾಟ್ಸಾಪ್ ಗ್ರೂಪುಗಳನ್ನೆಲ್ಲ ಸುತ್ತಿ ಬರುತ್ತದೆ. ಈ ಒಕ್ಕಣೆ ಕಂಡಾಗಲೆಲ್ಲ ಒಂದು ಸಣ್ಣ ಕಿರಿಕಿರಿ. ಇರುವುದು ಎರಡೇ ವಾಕ್ಯ, ಎರಡನೆಯದು ಮೊದಲನೆಯದನ್ನು ಸುಳ್ಳು ಮಾಡುತ್ತದೆ. ಆಸಕ್ತಿ ಇರುವವರೆಲ್ಲ ಬನ್ನಿ ಎಂದು ಕರೆದು, ಮರುಕ್ಷಣವೇ ನಟಿಸುವ ಧೈರ್ಯ ಇದ್ದವರಷ್ಟೇ ಸಾಕು ಎಂದಂತಾಗುತ್ತದೆ.

ಶನಿವಾರ ಹಾಲ್ ತುಂಬುತ್ತದೆ. ಐವತ್ತು ಅರವತ್ತು ಮಂದಿ ಬಂದರೂ ಆಶ್ಚರ್ಯವಿಲ್ಲ. ಸಂಜೆಗೆ ಒಂಬತ್ತು ಹೆಸರಿನ ಪಟ್ಟಿ ಸಿದ್ಧ. ಉಳಿದವರು ‘ನಂಗೆ ಪಾರ್ಟು ಸಿಗ್ಲಿಲ್ಲ’ ಅಂದುಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಾರೆ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಐದು ವಾರ ಕಳೆದು, ಸ್ಪರ್ಧೆಗೆ ಇನ್ನು ಆರು ದಿನ ಇದೆ ಅನ್ನುವಾಗ ಅದೇ ತಂಡದ ಸೀನಿಯರ್‌ಗಳು ಕ್ಯಾಂಟೀನಿನಲ್ಲಿ ಮೇಜಿನಿಂದ ಮೇಜಿಗೆ ಅಲೆಯುತ್ತಿರುತ್ತಾರೆ: ‘ಯಾರಾದ್ರೂ ಒಬ್ರು ಲೈಟಿಗೆ ಕೂತ್ಕೊಳ್ರೋ, ಸುಮ್ನೆ ಗುಂಡಿ ಒತ್ತೋದಷ್ಟೇ.’ ಗುಂಡಿ ಒತ್ತುವುದು ಎಷ್ಟು ದೊಡ್ಡ ಕೆಲಸ ಅನ್ನುವುದು ಪ್ರದರ್ಶನದ ದಿನ ಎಲ್ಲರಿಗೂ ಗೊತ್ತಾಗುತ್ತದೆ. ಶನಿವಾರ ವಾಪಸ್ ಹೋದವರಲ್ಲಿ ಈ ಕೆಲಸಕ್ಕೆ ತಕ್ಕವರು ಖಂಡಿತ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ತಾವೇ ಹೋಗಿ ಕೇಳಬಹುದು ಅಂತ ಅವರಿಗೂ ಹೊಳೆದಿರಲಿಲ್ಲ.

ಒಂಬತ್ತು ಎಂಬ ಲೆಕ್ಕ ಬಂದದ್ದು ಎಲ್ಲಿಂದ ಅನ್ನುವುದು ಯುವಜನೋತ್ಸವಕ್ಕೆ ಓಡಾಡಿದವರಿಗೆ ಗೊತ್ತು. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ನಿಯಮದಲ್ಲಿ ಏಕಾಂಕ ನಾಟಕಕ್ಕೆ ಗರಿಷ್ಠ 9 ನಟರು, 3 ಸಹಾಯಕರು, 30 ನಿಮಿಷ. ಪ್ರಹಸನಕ್ಕೆ 6 ಜನ, 10 ನಿಮಿಷ. ಮೂಕಾಭಿನಯಕ್ಕೂ 6 ಜನ, ಆದರೆ 5 ನಿಮಿಷ. ಮಿಮಿಕ್ರಿಗೆ ಒಬ್ಬರೇ. ನಮ್ಮ ವಿಶ್ವವಿದ್ಯಾಲಯ ಮಟ್ಟದ ಸ್ಪರ್ಧೆಗಳೂ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ ನಡೆಯುತ್ತವೆ. (ಹೆಚ್ಚುಕಡಿಮೆ ಅಂದದ್ದು ಬೇಕೆಂದೇ. ಹೋದ ವರ್ಷದ ನೆನಪಿನ ಮೇಲೆ ಹೋಗದೆ ಆ ವರ್ಷದ ನಿಯಮದ ಹಾಳೆಯನ್ನು ಯಾರಾದರೂ ಒಬ್ಬರು ಕೂತು ಪೂರ್ತಿ ಓದಬೇಕು. ತಂಡ ಸೇರುವುದಕ್ಕೆ ಅದೂ ಒಂದು ದಾರಿ. ಹೀಗೆ ಓದುವವರು ಪ್ರತಿ ತಂಡದಲ್ಲೂ ಕಮ್ಮಿ.) ಆ ಮೂವರು ಸಹಾಯಕರೇ ನನ್ನ ತಲೆ ತಿನ್ನುವವರು. ಸಂಗೀತ, ಬೆಳಕು, ಮೇಕಪ್, ವಸ್ತ್ರ, ಸೆಟ್ಟು, ಪರಿಕರ ಎಲ್ಲ ಮೂರೇ ಜನರ ಹೆಗಲ ಮೇಲೆ. ಸ್ಪರ್ಧೆಯ ದಿನ ಒಳಗೆ ಬಿಡುವುದು ಮೂವರನ್ನೇ ಇರಬಹುದು, ಅದಕ್ಕೆ ಮುಂಚಿನ ಐದು ವಾರ ಎಷ್ಟು ಜನ ದುಡಿಯಬೇಕು ಅಂತ ಯಾವ ನಿಯಮವೂ ಹೇಳಿಲ್ಲ.

ಆಡಿಷನ್‌ಗೆ ಹೋಗುವುದೇ ಆದರೆ

ಹೋಗಬೇಡಿ ಅಂತಲ್ಲ. ಆದರೆ ಬಹಳ ಜನ ಸಿನಿಮಾ ಡೈಲಾಗ್ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ನಿರ್ದೇಶಕರಿಗೆ ಆಗ ಕಾಣುವುದು ಆ ಹೀರೊ, ಎದುರಿಗೆ ನಿಂತ ಹುಡುಗ ಅಲ್ಲ. ಒಂದು ನಿಮಿಷದ ಮಾತು ಸಾಕು: ಒಂದು ನಾಟಕದ ತುಣುಕು, ಅಥವಾ ಮನೆಯಲ್ಲಿ ಅಜ್ಜಿ ಹೇಳುವ ಒಂದು ಪ್ರಸಂಗ, ನಿಮ್ಮ ಊರಿನ ಮಾತಿನಲ್ಲೇ. ಧಾರವಾಡದ ಕಡೆಯವರು ಬೆಂಗಳೂರಿನ ಕನ್ನಡಕ್ಕೆ ನಾಲಿಗೆ ತಿರುಚಿಕೊಂಡು ಬಂದರೆ, ಕುಂದಾಪುರದವರು ಪುಸ್ತಕದ ಕನ್ನಡ ಆಡಿದರೆ, ಇದ್ದ ಬಲವನ್ನು ಬಾಗಿಲಲ್ಲೇ ಬಿಟ್ಟು ಬಂದ ಹಾಗೆ. ನಿಮ್ಮ ತುಣುಕು ಮುಗಿದ ಮೇಲೆ ನಿರ್ದೇಶಕರು ‘ಇದನ್ನೇ ಪಕ್ಕದ ಕೋಣೇಲಿ ಮಗು ಮಲಗಿದೆ ಅಂದ್ಕೊಂಡು ಹೇಳಿ’ ಅನ್ನಬಹುದು. ನಿಜವಾದ ಪರೀಕ್ಷೆ ಅದು. ಮೊದಲ ಸಲ ಹೇಗೆ ಮಾಡಿದಿರಿ ಅನ್ನುವುದಕ್ಕಿಂತ ಹೇಳಿದ್ದನ್ನು ಕೇಳಿಸಿಕೊಂಡು ಎರಡನೇ ಸಲ ಎಷ್ಟು ಬದಲಾದಿರಿ ಅನ್ನುವುದನ್ನು ನೋಡುತ್ತಾರೆ. ಮೊದಲ ಸಲ ಅದ್ಭುತವಾಗಿ ಮಾಡಿ ಎರಡನೇ ಸಲವೂ ಅದನ್ನೇ ಮಾಡಿದವರು ಪಟ್ಟಿಯಿಂದ ಬೀಳುವುದು ಅಪರೂಪವೇನಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡ ಓದಲು ತಡವರಿಸುವವರು ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರೆ. ಇದೊಂದು ಅಪಾಯ. ಆ ಬರಹದಲ್ಲಿ ‘ಮನೆ’ಯೂ ‘ಮಣೆ’ಯೂ ಒಂದೇ, ‘ಕಲಿ’ಗೂ ‘ಕಳಿ’ಗೂ ಭೇದವಿಲ್ಲ, ‘ಹಸಿವು’ ಬರೆದದ್ದು ಆತುರದಲ್ಲಿ ‘ಅಸಿವು’ ಆಗುತ್ತದೆ. ಎರಡು ವಾರ ಆ ಹಾಳೆ ನೋಡಿ ಕಲಿತರೆ ತಪ್ಪು ನಾಲಿಗೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಕನ್ನಡ ಚೆನ್ನಾಗಿ ಓದುವ ಗೆಳತಿಯೊಬ್ಬಳಿಂದ ಎಲ್ಲ ಮಾತನ್ನೂ ನಿಧಾನವಾಗಿ, ಭಾವ ಹಾಕದೆ ಫೋನಿನಲ್ಲಿ ರೆಕಾರ್ಡ್ ಮಾಡಿಸಿಕೊಂಡು ಕೇಳಿ ಕಲಿಯುವುದು ಮೇಲು. ಭಾವ ಹಾಕಿ ಓದಿಸಿದರೆ ಅವಳ ರಾಗವೇ ನಿಮಗೂ ಅಂಟುತ್ತದೆ. ಅಂದ ಹಾಗೆ, ತಂಡಕ್ಕೆ ಹೀಗೆ ಮಾತು ತಿದ್ದುವ ಒಬ್ಬರು ಬೇಕೇ ಬೇಕು. ಕನ್ನಡ ಐಚ್ಛಿಕ ತೆಗೆದುಕೊಂಡವರು, ವೇದಿಕೆ ಹತ್ತಲು ಸುತರಾಂ ಒಪ್ಪದವರು, ವಾರಕ್ಕೆ ಎರಡು ಸಂಜೆ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳಿಸದ ಮಾತಿಗೆಲ್ಲ ಗುರುತು ಹಾಕಿಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಪಾತ್ರ ಸಿಗದಿದ್ದರೆ? ಮರುದಿನವೂ ಹೋಗಿ. ‘ಯಾರಾದ್ರೂ ಬರ್ದೇ ಇದ್ರೆ ಅವರ ಪಾರ್ಟು ನಾನು ಓದ್ತೀನಿ ಸರ್’ ಅನ್ನಿ. ಮೊದಲ ವಾರವೆಲ್ಲ ವಾಚನ, ಎರಡನೇ ವಾರದಿಂದ ಚಲನೆ. ಮೂರನೇ ವಾರಕ್ಕೆ ಸರಿಯಾಗಿ ಇಂಟರ್ನಲ್ಸ್ ಬರುತ್ತದೆ, ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರ ಅಪ್ಪ ‘ನಾಟಕ ಗೀಟಕ ಸಾಕು’ ಅಂದಿರುತ್ತಾರೆ. ಒಂಬತ್ತರಲ್ಲಿ ಒಬ್ಬರಾದರೂ ಕಳಚಿಕೊಳ್ಳುವುದು ತೀರಾ ಮಾಮೂಲು. ಆಗ ನಿರ್ದೇಶಕರ ಕಣ್ಣು ಹೋಗುವುದು ಎಲ್ಲರ ಚಲನೆಯನ್ನೂ ಕಂಡು, ಎಲ್ಲರ ಮಾತನ್ನೂ ಒಂದಲ್ಲ ಒಂದು ದಿನ ಓದಿದ ಮನುಷ್ಯನ ಕಡೆಗೆ. ಈ ಲೆಕ್ಕಾಚಾರ ಇಟ್ಟುಕೊಂಡೇ ಬಂದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಪುಸ್ತಕ ಹಿಡಿಯುವ ಕೆಲಸ

ಹೊಸಬರು ಒಂದೇ ಕೆಲಸ ಆರಿಸಿಕೊಳ್ಳಬೇಕಾದರೆ ಇದನ್ನು ಆರಿಸಿಕೊಳ್ಳಲಿ ಅನ್ನುವುದು ನನ್ನ ಪಕ್ಷಪಾತ. ನಾಟಕ ಒಳಗಿಂದ ಹೇಗೆ ಕಟ್ಟಿಕೊಳ್ಳುತ್ತದೆ ಅನ್ನುವುದು ನಟರಿಗಿಂತ ಚೆನ್ನಾಗಿ ಕಾಣುವುದು ಪುಸ್ತಕ ಹಿಡಿದವರಿಗೆ. ರಂಗನಿರ್ವಹಣೆ ಅನ್ನಿ, ಸ್ಟೇಜ್ ಮ್ಯಾನೇಜರ್ ಅನ್ನಿ, ಬೇಕಾಗುವುದು ಒಂದು ರಿಂಗ್ ಫೈಲ್, ಎರಡು ಪೆನ್ಸಿಲ್, ಒಂದು ರಬ್ಬರ್, ಫೋನಿನ ಸ್ಟಾಪ್‌ವಾಚ್. ನಾಟಕವನ್ನು ಎ4 ಹಾಳೆಯ ಒಂದೇ ಮಗ್ಗುಲಿಗೆ ಪ್ರಿಂಟ್ ಹಾಕಿಸಬೇಕು. ಫೈಲ್ ತೆರೆದರೆ ಬಲಕ್ಕೆ ಮಾತು, ಎಡಕ್ಕೆ ಖಾಲಿ ಪುಟ. ಖಾಲಿ ಪುಟದ ತಲೆಯಲ್ಲಿ ರಂಗದ ಚಿಕ್ಕ ನಕ್ಷೆ, ಅದರ ಕೆಳಗೆ ಯಾವ ಮಾತಿಗೆ ಯಾರು ಎಲ್ಲಿಂದ ಎಲ್ಲಿಗೆ ಅನ್ನುವುದು. ಎಡ ಬಲ ಯಾವಾಗಲೂ ಪ್ರೇಕ್ಷಕರ ಕಡೆ ಮುಖ ಮಾಡಿದ ನಟನದ್ದು. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳದಿದ್ದರೆ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಹೋಗಿ ನಿಲ್ಲುತ್ತಾರೆ. ಪೆನ್ನಿನಲ್ಲಿ ಬರೆಯಬಾರದು, ಇವತ್ತು ಸೇರಿಸಿದ್ದನ್ನು ನಾಳೆ ನಿರ್ದೇಶಕರೇ ಅಳಿಸುತ್ತಾರೆ.

ಬೆಳಕಿನ ಸೂಚನೆಗೆ ‘ಬೆ’, ಶಬ್ದಕ್ಕೆ ‘ಶ’ ಅಂತ ಸಂಖ್ಯೆ ಹಾಕಿ: ಬೆ 1, ಬೆ 2, ಶ 1. ಪ್ರತಿ ಸೂಚನೆಗೂ ಎರಡು ಗುರುತು. ಅರ್ಧ ಪುಟ ಮೊದಲು ‘ಸಿದ್ಧ’, ಮಾತಿನ ಸರಿಯಾದ ಅಕ್ಷರದ ಮೇಲೆ ‘ಈಗ’. ‘ಸಿದ್ಧ’ ಹೇಳದೆ ನೇರ ‘ಈಗ’ ಅಂದರೆ ಲೈಟಿನವರ ಕೈ ಗುಂಡಿಗೆ ಬರುವಷ್ಟರಲ್ಲಿ ನಟ ಕತ್ತಲಲ್ಲಿ ಎರಡು ಮಾತು ಆಡಿ ಮುಗಿಸಿರುತ್ತಾನೆ. ಇನ್ನೊಂದು ಎಚ್ಚರಿಕೆ: ನಟ ತಪ್ಪಬಹುದಾದ ಮಾತಿನ ಮೇಲೆ ಸೂಚನೆ ಕಟ್ಟಬೇಡಿ. ಬಾಗಿಲು ಹಾಕುವುದು, ಲೋಟ ಇಡುವುದು, ಎದ್ದು ನಿಲ್ಲುವುದು ಇಂಥ ಕಣ್ಣಿಗೆ ಕಾಣುವ ಕ್ರಿಯೆಗೆ ಕಟ್ಟಿದರೆ ಸಂಭಾಷಣೆ ಹಾರಿಹೋದರೂ ಬೆಳಕು ಕೈಕೊಡುವುದಿಲ್ಲ.

ಸಮಯದ ಲೆಕ್ಕವೂ ಈ ಪುಸ್ತಕದ್ದೇ. ಒಂದು ನಿಮಿಷದ ನಾಟಕಕ್ಕೆ ಎರಡು ಗಂಟೆ ತಾಲೀಮು ಅಂತ ಇಟ್ಟುಕೊಂಡರೆ 30 ನಿಮಿಷಕ್ಕೆ 60 ಗಂಟೆ: ದಿನಕ್ಕೆ ಎರಡು ಗಂಟೆ, ವಾರಕ್ಕೆ ಆರು ದಿನ, ಐದು ವಾರ. ಕೋಣೆಯಲ್ಲಿ 29 ನಿಮಿಷ ಬಂತು ಅಂತ ಖುಷಿಪಡುವ ತಂಡ ಸ್ಪರ್ಧೆಯಲ್ಲಿ 31 ದಾಟುತ್ತದೆ. ದೊಡ್ಡ ರಂಗದಲ್ಲಿ ಪ್ರವೇಶಕ್ಕೆ ನಾಲ್ಕು ಹೆಜ್ಜೆ ಜಾಸ್ತಿ, ಬೆಳಕು ಇಳಿದು ಏರಲು ಕೆಲವು ಸೆಕೆಂಡು, ಜನ ನಕ್ಕರೆ ಕಾಯಬೇಕು. ಜೊತೆಗೆ, ಸಮಯ ಎಣಿಸುವುದು ಸೂಚನೆ ಕೊಟ್ಟ ಕ್ಷಣದಿಂದ ಅಥವಾ ತಂಡದ ಪರಿಚಯದ ಮಾತು ಶುರುವಾದಾಗಿನಿಂದ, ಯಾವುದು ಮೊದಲೋ ಅದು. ‘ಎಲ್ಲರಿಗೂ ನಮಸ್ಕಾರ, ನಾವು ಇಂಥ ಕಾಲೇಜಿನಿಂದ’ ಅನ್ನುವ ಮಾತಿಗೂ ಗಡಿಯಾರ ಓಡುತ್ತಿರುತ್ತದೆ. ಕೋಣೆಯಲ್ಲಿ 26 ಅಥವಾ 27ಕ್ಕೆ ಮುಗಿದರೆ ನೆಮ್ಮದಿ.

ಹತ್ತು ನಿಮಿಷ

ಯುವಜನೋತ್ಸವದ ರಂಗಮಂದಿರದ ಒಂದು ದೃಶ್ಯ. ಖಾಲಿ ರಂಗ, ಪಕ್ಕದಲ್ಲಿ ಗಡಿಯಾರ ಹಿಡಿದ ಅಧ್ಯಾಪಕರು. ಸೆಟ್ಟು ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಸೇರಿ ಹತ್ತು ನಿಮಿಷ, ಮುಗಿದ ಮೇಲೆ ರಂಗ ಮತ್ತೆ ಖಾಲಿಯಾಗಿರಬೇಕು. ಮೊದಲ ತಂಡ ಹಳೇ ಮನೆಯ ಬಾಗಿಲೊಂದನ್ನು ತಂದಿದೆ, ನಿಜಕ್ಕೂ ಚೆಂದದ ಬಾಗಿಲು. ಎತ್ತಿ ನಿಲ್ಲಿಸಿದರೆ ನಿಲ್ಲುತ್ತಿಲ್ಲ. ಆನಿಕೆ ಕೊಡುವ ಕೋಲು ಬಸ್ಸಿನಲ್ಲೇ ಇದೆ, ತರಲು ಯಾರು ಓಡಬೇಕು ಅಂತ ಗೊತ್ತಿಲ್ಲ. ಮೇಕಪ್ ಆದ ಇಬ್ಬರು ಅದನ್ನು ಹಿಡಿದು ನಿಂತಿದ್ದಾರೆ, ಒಬ್ಬಳ ಸೀರೆಯ ಸೆರಗು ಮೊಳೆಗೆ ಸಿಕ್ಕಿದೆ. ನಿರ್ದೇಶಕರು ಕೆಳಗಿನಿಂದ ಕೂಗುತ್ತಿದ್ದಾರೆ. ಎಂಟೂವರೆ ನಿಮಿಷಕ್ಕೆ ಬಾಗಿಲು ನಿಂತಿತು, ಬಿಚ್ಚಲು ಉಳಿದದ್ದು ಒಂದೂವರೆ. ನಾಟಕ ಆಡುವಾಗ ಯಾರೂ ಆ ಬಾಗಿಲನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಮುಂದಿನ ತಂಡದಲ್ಲೂ ಹನ್ನೆರಡೇ ಜನ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದೇ ಕೆಲಸ, ಯಾರೂ ಮಾತಾಡುತ್ತಿಲ್ಲ. ಐದು ನಿಮಿಷಕ್ಕೆ ಆರು ಪೆಟ್ಟಿಗೆ, ಎರಡು ಬಟ್ಟೆಯ ಪರದೆ, ಒಂದು ಏಣಿ ತಂತಮ್ಮ ಜಾಗದಲ್ಲಿ. (ಅವರ ನಾಟಕ ಮೊದಲನೆಯದಕ್ಕಿಂತ ಚೆನ್ನಾಗಿತ್ತು ಅಂತೇನಲ್ಲ. ಆದರೆ ನಟರು ಉಸಿರು ಬಿಟ್ಟುಕೊಂಡು ಶುರು ಮಾಡಿದರು.)

ಸೆಟ್ಟಿನ ಕೆಲಸ ಎಂದರೆ ಚಿತ್ರಕಲೆ ಬಲ್ಲವರದ್ದು ಅಂದುಕೊಳ್ಳುತ್ತಾರೆ. ಅಳತೆ ಟೇಪು ಹಿಡಿಯಲು ಬರುವವರು ಮೊದಲು ಬೇಕು. 8 ಅಡಿ 4 ಅಡಿಯ, 12 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಾಳೆಯಲ್ಲಿ 18 ಇಂಚಿನ ಹತ್ತು ಚೌಕ ಸಿಗುತ್ತವೆ. ಒಂದು ಮುಖ ತೆರೆದಿಟ್ಟರೆ ಐದೈದು ಚೌಕದ ಎರಡು ಪೆಟ್ಟಿಗೆ. ತೆರೆದ ಮುಖ ಬೇಕೆಂದೇ ಬಿಡುವುದು, ಪ್ರಯಾಣದಲ್ಲಿ ಪರಿಕರ ತುಂಬಲು, ಎತ್ತುವಾಗ ಕೈ ಹಿಡಿಯಲು. ಮೂಲೆಗಳ ಒಳಗೆ ಒಂದಿಂಚಿನ ರೀಪರ್ (ಮರದ ಪಟ್ಟಿ) ಕೊಟ್ಟು ಸ್ಕ್ರೂ ಹಾಕಿಸಿ. ಬರೀ ಮೊಳೆ ಹೊಡೆದರೆ ನಾಲ್ಕನೇ ದಿನ ಯಾರಾದರೂ ಹಾರಿದಾಗ ಬಾಯಿ ಬಿಡುತ್ತದೆ. ಮೂರು ಹಾಳೆಗೆ ಆರು ಪೆಟ್ಟಿಗೆ, ಆರು ಪೆಟ್ಟಿಗೆಯಲ್ಲಿ ಸಿಂಹಾಸನ, ಬಸ್ ಸ್ಟಾಪ್, ಜಗಲಿ, ಬಾವಿಕಟ್ಟೆ ಎಲ್ಲ ಆಗುತ್ತದೆ. ಗೋಡೆ ಬೇಕಾದರೆ ಇಡೀ ಪ್ಲೈವುಡ್ ನಿಲ್ಲಿಸಬೇಡಿ, ಅದೊಂದೇ 20 ಕೆ.ಜಿ. ಮೇಲಿರುತ್ತದೆ. ರೀಪರ್ ಚೌಕಟ್ಟಿಗೆ ಕೋರಾ ಬಟ್ಟೆ ಬಿಗಿದು, ನೀರು ಬೆರೆಸಿದ ಫೆವಿಕಾಲ್ ಬಳಿದು ಒಣಗಿಸಿ ಬಣ್ಣ ಹಚ್ಚಿದರೆ ಒಬ್ಬರೇ ಎತ್ತಬಹುದು. ಕರಾವಳಿ ಮಲೆನಾಡಿನ ಮಳೆಗಾಲದಲ್ಲಿ ಒಣಗಲು ಮೂರು ದಿನ ಬೇಕು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಹಸಿ ಬಣ್ಣ ಹೊರಡುವ ದಿನ ಬಿಳಿ ಪಂಚೆಗೇ ಅಂಟುತ್ತದೆ. ಕಟ್ಟುವ ಮೊದಲು ಬಸ್ಸಿನ ಬಾಗಿಲನ್ನೂ ಅಳೆಯಿರಿ. ನಗಬೇಡಿ, ಬಸ್ಸಿಗೆ ಹಿಡಿಸದೆ ಅಂಗಳದಲ್ಲೇ ಉಳಿದ ಸೆಟ್ಟುಗಳಿವೆ.

ತಾಲೀಮಿನ ಕೋಣೆಯ ನೆಲಕ್ಕೆ ಸ್ಪರ್ಧೆಯ ರಂಗದ ಅಳತೆಯನ್ನು ಟೇಪಿನಲ್ಲಿ ಗುರುತು ಮಾಡುವುದೂ ಇವರದೇ ಕೆಲಸ. ಧೂಳಿನ ನೆಲಕ್ಕೆ ಟೇಪು ನಿಲ್ಲುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಅಂಟಿಸಬೇಕು. ಪರಿಕರಕ್ಕೆ ಬೇರೆಯೇ ಒಬ್ಬರಿರಲಿ. ವಿಂಗಿನ (ರಂಗದ ಪಕ್ಕದ ಪರದೆಯ) ಹಿಂದೆ ಒಂದು ಮೇಜು, ಅದರ ಮೇಲೆ ಹಳೇ ಪೇಪರ್ ಹಾಸಿ, ಮಾರ್ಕರಿನಲ್ಲಿ ಪ್ರತಿ ವಸ್ತುವಿಗೂ ಒಂದು ಮನೆ ಎಳೆದು ಒಳಗೆ ಹೆಸರು ಬರೆಯುವುದು. ಮನೆ ಖಾಲಿ ಕಂಡರೆ ವಸ್ತು ರಂಗದಲ್ಲಿದೆ ಅಥವಾ ಕಳೆದಿದೆ ಅಂತ ಅರ್ಥ. ರಂಗದ ಮೇಲೆ ಹರಿಯುವ ಕಾಗದ ಇದ್ದರೆ ಪ್ರತಿ ತಾಲೀಮಿಗೂ ಒಂದರಂತೆ ಮೊದಲೇ ಬರೆದಿಡಿ. ಗಾಜಿನ ಲೋಟ ಬೇಡವೇ ಬೇಡ, ಬರಿಗಾಲಲ್ಲಿ ನಡೆಯುವವರಿರುತ್ತಾರೆ.

ಬೆಳಕು, ಮುಖ, ದನಿ

‘ಗುಂಡಿ ಒತ್ತೋದಷ್ಟೇ’ ಅಂದ ಕೆಲಸಕ್ಕೆ ಬರೋಣ. ರಂಗಕ್ಕೆ ಬಳಸುವ ಡಬ್ಬಿಯಂಥ ದೀಪ, ಹಳೇ ಪಾರ್ ಲೈಟು, ಒಂದು ಸಾವಿರ ವ್ಯಾಟ್. 230 ವೋಲ್ಟಿಗೆ ಅದು ಎಳೆಯುವುದು 4.3 ಆಂಪಿಯರಿನಷ್ಟು. ಕಾಲೇಜು ಹಾಲಿನ 15 ಆಂಪಿಯರ್ ಸಾಕೆಟ್ಟಿಗೆ ಮೂರು ಲೈಟು ಕೊಡಬಹುದು, ನಾಲ್ಕನೆಯದಕ್ಕೆ ಮಿತಿ ಮೀರುತ್ತದೆ. ಗೋಡೆಯ ಮೇಲೆ ಎರಡು ಸಾಕೆಟ್ ಕಂಡರೂ ಎರಡೂ ಒಂದೇ ಎಂಸಿಬಿಗೆ (ಲೋಡ್ ಜಾಸ್ತಿಯಾದರೆ ತಾನೇ ಕಡಿಯುವ ಸ್ವಿಚ್ಚಿಗೆ) ಸೇರಿರಬಹುದು. ಯಾವುದು ಯಾವುದಕ್ಕೆ ಅಂತ ಒಂದು ಮಧ್ಯಾಹ್ನ ಕಾಲೇಜಿನ ಎಲೆಕ್ಟ್ರಿಷಿಯನ್ ಜೊತೆ ನಿಂತು ಗುರುತು ಹಾಕಿಕೊಳ್ಳಿ. ಹನ್ನೆರಡು ಪಾರ್ ಅಂದರೆ 50 ಆಂಪಿಯರ್ ದಾಟುತ್ತದೆ, ಅದಕ್ಕೆ ತ್ರೀ ಫೇಸ್ ಬೇಕು. ಅದನ್ನು ಜೋಡಿಸುವುದು ಲೈಟು ಬಾಡಿಗೆ ಕೊಟ್ಟವರ ಕೆಲಸ, ವಿದ್ಯಾರ್ಥಿಗಳು ಕೈ ಹಾಕಬಾರದು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಸುತ್ತಿದ ಹಾಗೇ ಬಿಟ್ಟು ಲೋಡ್ ಕೊಟ್ಟರೆ ಒಳಗೇ ಕಾಯುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಎಲ್‌ಇಡಿ ಪಾರ್ ಬಂದ ಮೇಲೆ ಕರೆಂಟಿನ ಚಿಂತೆ ಇಳಿದಿದೆ, ಬೇರೆ ಚಿಂತೆ ಬಂದಿದೆ. ಇವನ್ನೆಲ್ಲ ಒಂದೇ ಬೋರ್ಡಿನಿಂದ ನಡೆಸುವ ವ್ಯವಸ್ಥೆ ಡಿಎಂಎಕ್ಸ್; ಏಳು ಚಾನೆಲ್‌ನಲ್ಲಿ ಇಟ್ಟ ಲೈಟುಗಳಿಗೆ ಅದರ ವಿಳಾಸ 1, 8, 15, 22 ಹೀಗೆ ಹೋಗಬೇಕು. ಎರಡಕ್ಕೆ ಒಂದೇ ವಿಳಾಸ ಬಿದ್ದರೆ ಎರಡೂ ಅವಳಿ ಮಕ್ಕಳ ಹಾಗೆ ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತವೆ. ಕೆಂಪು ಕೇಳಿದರೆ ನೀಲಿ ಬರುತ್ತಿದೆ ಅಂದರೆ ಬಹುಪಾಲು ಯಾರೋ ಲೈಟಿನ ಹಿಂದಿನ ಮೆನು ಒತ್ತಿ ಚಾನೆಲ್ ಸಂಖ್ಯೆ ಬದಲಿಸಿದ್ದಾರೆ ಅಂತಲೇ. ಬೆಳಕಿನವರು ವಸ್ತ್ರದವರ ಜೊತೆ ಒಮ್ಮೆಯಾದರೂ ಕೂರಬೇಕು: ಹಸಿರು ಸೀರೆ ಕೆಂಪು ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ.

ಮೇಕಪ್‌ಗೆ ಒಬ್ಬರೇ ಇದ್ದು, ಮುಖಕ್ಕೆ ಹದಿನೈದು ನಿಮಿಷ ಹಿಡಿದರೆ ಒಂಬತ್ತು ಮುಖಕ್ಕೆ ಎರಡೂಕಾಲು ಗಂಟೆ. ಮೊದಲು ಹಚ್ಚಿಸಿಕೊಂಡವರದು ಅಷ್ಟರಲ್ಲಿ ಬೆವರಿ ಇಳಿದಿರುತ್ತದೆ. ಆದ್ದರಿಂದ ಇಬ್ಬರು ಬೇಕು, ಮತ್ತು ಕಡಿಮೆ ಬೆವರುವವರು ಮೊದಲು ಕೂರಬೇಕು. ಗಡ್ಡ ಮೀಸೆ ಅಂಟಿಸುವ ಸ್ಪಿರಿಟ್ ಗಮ್ಮನ್ನು ಎರಡು ದಿನ ಮೊದಲೇ ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿ ನೋಡಿ, ಕೆಲವರಿಗೆ ಉರಿ ಬಂದು ಗುಳ್ಳೆ ಏಳುತ್ತದೆ. ವಸ್ತ್ರದವರ ಬಳಿ ಒಂದು ನೋಟ್‌ಬುಕ್: ಯಾವ ಸೀರೆ ಯಾರ ಅತ್ತಿಗೆಯದ್ದು, ಯಾವ ಕೋಟು ಯಾವ ಮೇಷ್ಟ್ರದ್ದು, ಕೊಡುವಾಗ ಒಗೆಯಬೇಕೋ ಡ್ರೈಕ್ಲೀನೋ. ಸೇಫ್ಟಿ ಪಿನ್ ಐವತ್ತಾದರೂ ಇರಲಿ.

ಹಾಡಿನ ಬಗ್ಗೆ ಒಂದೇ ಮಾತು. ಬಿ.ವಿ. ಕಾರಂತರ ನಂತರ ಕನ್ನಡ ನಾಟಕಕ್ಕೆ ರಂಗಗೀತೆ ಎಷ್ಟು ಅಂಟಿಕೊಂಡಿದೆ ಅಂದರೆ ಹಾಡಿಲ್ಲದ ಕಾಲೇಜು ನಾಟಕ ಸಿಗುವುದೇ ಅಪರೂಪ. ಹುಡುಗರು ಹುಡುಗಿಯರು ಸೇರಿ ಹಾಡುವಾಗ ಹಾರ್ಮೋನಿಯಂನಲ್ಲಿ ಯಾವ ಶ್ರುತಿ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಕಪ್ಪು ಒಂದರಲ್ಲಿ (ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹುಡುಗರು ಆರಾಮ, ಹುಡುಗಿಯರಿಗೆ ಕೆಳಗಿನ ಸ್ವರ ಸಿಗುವುದಿಲ್ಲ, ದನಿ ನುಂಗಿಹೋಗುತ್ತದೆ. ಎಲ್ಲರ ಅತಿ ಕೆಳಗಿನ, ಅತಿ ಮೇಲಿನ ಸ್ವರವನ್ನು ಮೊದಲ ದಿನವೇ ಬರೆದಿಟ್ಟು ಶ್ರುತಿ ಆರಿಸಿದರೆ ತಿಂಗಳ ಕಷ್ಟ ತಪ್ಪುತ್ತದೆ. ಸಂಗೀತ ಬಲ್ಲ ಒಬ್ಬರಿಗೆ ಅದು ಅರ್ಧ ಗಂಟೆಯ ಕೆಲಸ.

ಆರು ಗಂಟೆಯ ಬಸ್ಸು

ನಾಟಕದ ತಾಲೀಮು ಸಂಜೆ ನಡೆಯುತ್ತದೆ. ಹಾಸ್ಟೆಲ್ ಗೇಟು ಮುಚ್ಚುವುದು, ಹಳ್ಳಿಯ ಕಡೆ ಕೊನೇ ಬಸ್ಸು ಹೊರಡುವುದು ಎಲ್ಲ ಸಂಜೆಯೇ. ಹಾಗಾಗಿ ಪಾಸ್ ಹಿಡಿದು ದಿನಾ ಓಡಾಡುವವರು ಮತ್ತು ಹುಡುಗಿಯರು ಸದ್ದಿಲ್ಲದೆ ತಂಡದ ಹೊರಗೆ ಉಳಿಯುತ್ತಾರೆ. ‘ಅವ್ರಿಗೆ ಇಂಟರೆಸ್ಟ್ ಇಲ್ಲ ಬಿಡಿ’ ಅನ್ನುವ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಇದಕ್ಕೆ ಮದ್ದು ಪುಸ್ತಕ ಹಿಡಿದವರ ಕೈಯಲ್ಲೇ ಇದೆ. ದೃಶ್ಯವಾರು ತಾಲೀಮಿನ ಪಟ್ಟಿ ಭಾನುವಾರವೇ ಹಾಕಿ, ಬಸ್ಸಿನವರ ದೃಶ್ಯಗಳನ್ನೇ ಮೊದಲಿಗೆ, ನಾಲ್ಕೂವರೆಗೆ ಶುರು ಮಾಡಿ ಅವರನ್ನು ಐದೂವರೆಗೆ ಕಳಿಸುವುದು. ಎಲ್ಲರೂ ದಿನವೂ ಎರಡು ಗಂಟೆ ಕೂರಲೇಬೇಕು ಅನ್ನುವುದು ಹಠ, ಶಿಸ್ತಲ್ಲ. ಹಾಸ್ಟೆಲಿನವರಿಗೆ ವಾರ್ಡನ್ ಹೆಸರಿಗೆ, ತಾರೀಖು ಮತ್ತು ಮುಗಿಯುವ ಸಮಯ ನಮೂದಿಸಿ, ಸಾಂಸ್ಕೃತಿಕ ಸಮಿತಿಯ ಸಂಚಾಲಕರ ಸಹಿ ಇರುವ ಪತ್ರ ಬೇಕು. ಬಾಯಿ ಮಾತಿನ ಅನುಮತಿ ಗೇಟಿನ ಹತ್ತಿರ ನಡೆಯುವುದಿಲ್ಲ. ಸಂಜೆ ಉಳಿಯಲು ಆಗದವರಿಗೂ ಕೆಲಸ ಇದೆ: ಪೋಸ್ಟರು, ಪರಿಕರ, ಸಾರಾಂಶದ ಅನುವಾದ. ವಿಶ್ವವಿದ್ಯಾಲಯಗಳ ನಡುವಿನ ಹಂತಕ್ಕೆ ಹೋದರೆ ಕನ್ನಡ ನಾಟಕದ ಸಾರಾಂಶವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಮುಂಚಿತವಾಗಿಯೇ ಕೊಡಬೇಕು. ಇದನ್ನು ರಾತ್ರಿ ಹನ್ನೊಂದಕ್ಕೆ ಯಾರೋ ಗೀಚಿ ಕೊಡುವುದೇ ರೂಢಿ. ಕನ್ನಡ ಬಾರದ ತೀರ್ಪುಗಾರರ ಕೈಯಲ್ಲಿ ಇರುವುದು ಅದೊಂದೇ ಹಾಳೆ.

ಓದುವ ಹುಚ್ಚಿರುವವರಿಗೆ ಇನ್ನೂ ಒಂದು ಜಾಗ ಇದೆ, ಅದು ಎಲ್ಲಕ್ಕಿಂತ ಮೊದಲು ಶುರುವಾಗುವಂಥದ್ದು. ರಜೆಯಲ್ಲೇ ಮೂವರು ಸೇರಿ ತಲಾ ಐದು ನಾಟಕ ಓದಿ, ಒಂದೊಂದಕ್ಕೂ ಒಂದು ಕಾರ್ಡ್ ಬರೆಯುವುದು: ಪಾತ್ರ ಎಷ್ಟು, ಹೆಣ್ಣು ಎಷ್ಟು, ಯಾವ ಸೀಮೆಯ ಮಾತು, ಸೆಟ್ಟು ಏನು, 30 ನಿಮಿಷಕ್ಕೆ ಇಳಿಯುತ್ತದೆಯೇ. ಎರಡೂವರೆ ಗಂಟೆಯ ನಾಟಕವನ್ನು ಸಾಲು ಸಾಲಾಗಿ ಕತ್ತರಿಸಿದರೆ ಎಲುಬಷ್ಟೇ ಉಳಿಯುತ್ತದೆ, ಒಂದು ಉಪಕಥೆಯನ್ನು ಇಡಿಯಾಗಿ ತೆಗೆಯುವುದು ವಾಸಿ. ಹಕ್ಕಿನ ವಿಷಯವೂ ಇವರೇ ನೋಡಲಿ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳು ಈಗ ಮುಕ್ತ. 1984ರಲ್ಲಿ ತೀರಿಕೊಂಡ ಶ್ರೀರಂಗರದ್ದು ಇನ್ನೂ ಅಲ್ಲ. ಶೇಕ್ಸ್‌ಪಿಯರ್ ಮುಕ್ತ, ಅವನ ಕನ್ನಡ ಅನುವಾದ ಮುಕ್ತ ಆಗಿರಬೇಕೆಂದಿಲ್ಲ. ಕಾಲೇಜಿನ ಚಟುವಟಿಕೆಯಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಷ್ಟೇ ನೋಡುವ ಪ್ರದರ್ಶನಕ್ಕೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ಹೊರಗಿನವರನ್ನು ಕರೆದು ಟಿಕೆಟ್ ಇಟ್ಟರೆ ಆ ಮಾತು ಬೇರೆ. ಹೇಗಿದ್ದರೂ ಲೇಖಕರಿಗೋ ಅವರ ಮನೆಯವರಿಗೋ ಒಂದು ಪತ್ರ ಬರೆದು ಕೇಳುವುದು ಮರ್ಯಾದೆ.

ತಂಡವೇ ಇಲ್ಲದ ಕಡೆ

ಕಾಲೇಜಿನಲ್ಲಿ ತಂಡವೇ ಇಲ್ಲ ಅಂದರೆ ಐದು ಜನ, ಸಹಿ ಹಾಕುವ ಒಬ್ಬ ಅಧ್ಯಾಪಕರು, ಕೀಲಿ ಸಿಗುವ ಒಂದು ಕೋಣೆ, ವಾರದಲ್ಲಿ ಬದಲಾಗದ ಒಂದು ದಿನ, ಇಷ್ಟರಿಂದ ಶುರು ಮಾಡಬಹುದು. ಮೊದಲ ವರ್ಷ ಸ್ಪರ್ಧೆಯ ಗೊಡವೆ ಬೇಡ, ಬೆಳಕು ಸೆಟ್ಟು ಕೇಳದ ಬೀದಿ ನಾಟಕ ಸಾಕು. ಊರಿನಲ್ಲಿ ಆಗುವ ನಾಟಕಗಳಿಗೂ ಹೋಗಿ, ಆದರೆ ಆಟಕ್ಕಿಂತ ನಾಲ್ಕು ಗಂಟೆ ಮೊದಲು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಚಾರಿ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ, ಪ್ರತಿ ಊರಿನಲ್ಲೂ ಅದನ್ನು ಕರೆಸುವ ಸ್ಥಳೀಯರಿರುತ್ತಾರೆ. ಪೋಸ್ಟರ್ ಅಂಟಿಸಲು, ಟಿಕೆಟ್ ಹರಿಯಲು, ಸಾಮಾನು ಇಳಿಸಲು ಅವರಿಗೆ ಯಾವಾಗಲೂ ಜನ ಬೇಕು. ಹಾಗೆ ಹೋದವರು ಅಪರಿಚಿತ ರಂಗವೊಂದನ್ನು ಒಂದು ಮಧ್ಯಾಹ್ನದಲ್ಲಿ ನಾಟಕಕ್ಕೆ ಒಗ್ಗಿಸುವುದನ್ನು ಹತ್ತಿರದಿಂದ ನೋಡುತ್ತಾರೆ. ಮೈಸೂರು, ಶಿವಮೊಗ್ಗ, ಧಾರವಾಡ, ಕಲಬುರಗಿಯವರಿಗೆ ಸರ್ಕಾರದ ರಂಗಸಂಸ್ಥೆ ರಂಗಾಯಣ ಇದೆ. ಬೆಂಗಳೂರಿನವರು ರಂಗಶಂಕರ ರಂಗಮಂದಿರಕ್ಕೆ ಹೋಗುವುದಾದರೆ ಹೊತ್ತಿಗೆ ಸರಿಯಾಗಿ ಹೋಗಲಿ, ನಾಟಕ ಶುರುವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ.

ನೋಟಿಸ್ ಬೋರ್ಡಿನ ಆ ಹಾಳೆಯನ್ನು ಬೇರೆ ಥರ ಬರೆಯಬಹುದು. ‘ನಾಟಕ ತಂಡಕ್ಕೆ ಬೇಕಾಗಿದ್ದಾರೆ: ನಟರು 9. ಪುಸ್ತಕ ಹಿಡಿಯಲು 1, ಗೈರುಹಾಜರಾದವರ ಪಾತ್ರ ಓದಲು 2. ಅಳತೆ ಟೇಪು, ಗರಗಸ ಹಿಡಿಯುವವರು 4. ಲೈಟಿಗೆ 2, ಮೊದಲ ವಾರದಿಂದಲೇ. ಹಾಡುವವರು, ಬಾರಿಸುವವರು. ಮೇಕಪ್ 2, ವಸ್ತ್ರ 1, ಪರಿಕರ 1. ಕನ್ನಡ ತಿದ್ದಲು 1, ವಾರಕ್ಕೆ ಎರಡು ಸಂಜೆ ಸಾಕು. ಬಿಲ್ಲು ಜೋಪಾನ ಮಾಡುವವರು 1.’ ಕೊನೆಯದು ತಮಾಷೆಗೆ ಬರೆದದ್ದಲ್ಲ. ತಾರೀಖಿಲ್ಲದ ಬಿಲ್ಲಿಗೆ ಕಾಲೇಜಿನ ಆಫೀಸು ಹಣ ಕೊಡುವುದಿಲ್ಲ, ಆಟೋದವರು ಬಿಲ್ಲೇ ಕೊಡುವುದಿಲ್ಲ. ಅದಕ್ಕೆ ವೋಚರ್ ಬರೆದು ಅವತ್ತೇ ಸಹಿ ಹಾಕಿಸಿಕೊಳ್ಳಬೇಕು. ಹಾಳೆಯ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು, ಪ್ರದರ್ಶನದ ಮರುದಿನ ಬೆಳಿಗ್ಗೆ ಹತ್ತಕ್ಕೆ ಬರುವವರು 5. ನೆಲದ ಟೇಪು ಕೀಳಬೇಕು, ಪೆಟ್ಟಿಗೆಗಳನ್ನು ಮೆಟ್ಟಿಲ ಕೆಳಗೆ ಸೇರಿಸಬೇಕು, ಸೀರೆಗಳನ್ನು ಒಗೆದು ಮನೆಮನೆಗೆ ಮುಟ್ಟಿಸಬೇಕು, ಹಾಲಿನ ಕೀಲಿಯನ್ನು ಅಟೆಂಡರ್ ಅಣ್ಣನಿಗೆ ಕೊಟ್ಟು ರಿಜಿಸ್ಟರಿನಲ್ಲಿ ಬರೆಸಬೇಕು. ರಿಂಗ್ ಫೈಲನ್ನು ಮಾತ್ರ ಸೀನಿಯರ್ ಯಾರೂ ಮನೆಗೆ ಒಯ್ಯಬಾರದು, ಅದು ಮೊದಲ ವರ್ಷದವರ ಹತ್ತಿರ ಇರಬೇಕು.